ಮನೆಯ ಕಟ್ಟಳೆಯೂ ಒಂದು ಸಾಧನದ ಒಕ್ಕಣೆಯೂ

ಕಾಶೀಯಾತ್ರೆಗೆ ಹೊರಡುವ ಗೃಹಸ್ಥನು ತನ್ನ ಮನೆಯನ್ನು ನಂಬಿಕೆಯ ಆಳಿನ ವಶಕ್ಕೆ ಒಪ್ಪಿಸುವಾಗ ಆಡುತ್ತಿದ್ದ ಮಾತುಗಳು ಬಹು ಸ್ವಲ್ಪವಾಗಿರುತ್ತಿದ್ದವು. ದನಗಳಿಗೆ ಹುಲ್ಲು ಹಾಕು, ತೋಟಕ್ಕೆ ನೀರು ಬಿಡು, ಸಂಜೆ ತುಳಸಿಯ ಮುಂದೆ ದೀಪವಿಡು ಎಂಬಿಷ್ಟರಲ್ಲಿ ಉಪದೇಶವೆಲ್ಲ ಮುಗಿಯುತ್ತಿತ್ತು. ನೀರನ್ನು ಬಿಟ್ಟ ಮೇಲೆ ನಿಲ್ಲಿಸತಕ್ಕದ್ದೆಂದು ಯಾರೂ ಹೇಳುತ್ತಿರಲಿಲ್ಲ. ಹಾಗೆ ಹೇಳಿದರೆ ಕೇಳುವವನ ಮನಸ್ಸಿಗೆ ನೋವಾಗುತ್ತಿತ್ತು. ಹೇಳಿದುದಕ್ಕಿಂತ ಹೇಳದೆ ಬಿಟ್ಟುದೇ ಅಧಿಕವಾಗಿದ್ದಿತು. ಆ ಅಧಿಕಭಾಗವನ್ನು ಕೇಳುವವನ ವಿವೇಕವೂ ಅನೇಕ ವರ್ಷಗಳ ಒಡನಾಟವೂ ತುಂಬಿಕೊಡುತ್ತಿದ್ದವು. ಮನುಷ್ಯನು ಮನುಷ್ಯನಿಗೆ ಕೊಡುವ ಅಪ್ಪಣೆಗಳೆಲ್ಲವೂ ಈ ಆಧಾರದ ಮೇಲೆಯೇ ನಿಂತಿವೆ. ಅಪ್ಪಣೆಯನ್ನು ಪಡೆಯುವವನು ಮನುಷ್ಯನಲ್ಲದೆ ಹೋದಾಗ ಆ ಆಧಾರವು ಎಲ್ಲಿಗೆ ಹೋಗುವುದೆಂಬುದು ವಿಚಾರಾರ್ಹವಾದ ವಿಷಯವು.

ಕುಂದಾಪುರ, ಬೈಂದೂರು, ಬ್ರಹ್ಮಾವರ ಈ ಮೂರು ತಾಲೂಕುಗಳ ಹಳ್ಳಿಗಳಲ್ಲಿ ಸಂಚರಿಸುವವರ ಕಣ್ಣಿಗೆ ಒಂದು ಸಂಗತಿಯು ಬೀಳದೆ ಇರದು. ಮನೆಗಳು ದೊಡ್ಡವು, ಅವುಗಳಲ್ಲಿ ವಾಸಿಸುವವರು ಇಬ್ಬರು, ಕೆಲವೆಡೆ ಒಬ್ಬರೇ. ಹೋಟೆಲಿನ ಉದ್ಯಮವು ಹಿಂದಿನ ತಲೆಮಾರನ್ನು ಘಟ್ಟದ ಮೇಲಕ್ಕೂ ಮುಂಬಯಿಗೂ ಕರೆದೊಯ್ದಿತು. ಗಣಕಯಂತ್ರದ ಉದ್ಯೋಗವು ಈಗಿನ ತಲೆಮಾರನ್ನು ಬೆಂಗಳೂರಿಗೂ ಪರದೇಶಗಳಿಗೂ ಒಯ್ದಿದೆ. ಊರಿನಲ್ಲಿ ಉಳಿದ ವೃದ್ಧರ ಯೋಗಕ್ಷೇಮವನ್ನು ದೂರದಿಂದಲೇ ನೋಡಿಕೊಳ್ಳಬೇಕಾದ ಮಕ್ಕಳಲ್ಲಿ ಕೆಲವರು ಮನೆಯ ಪಂಪು, ಅಂಗಳದ ದೀಪ, ಹೆಬ್ಬಾಗಿಲಿನ ಗಂಟೆ, ಟಾಂಕಿಯ ನೀರಿನ ಮಟ್ಟ ಮೊದಲಾದವುಗಳನ್ನು ಒಂದು ಪುಟ್ಟ ಗಣಕಯಂತ್ರಕ್ಕೆ ಜೋಡಿಸಿ, ಅದರ ಕೈಯಿಂದ ಮನೆಯನ್ನು ನಡೆಯಿಸುತ್ತಿದ್ದಾರೆ. ಇದು ವಿಲಾಸಕ್ಕಾಗಿ ಮಾಡಿದ ಏರ್ಪಾಡೆಂದು ತಿಳಿಯಲಾಗದು. ಮೊಣಕಾಲು ನೋವಿನ ತಾಯಿಯು ಕತ್ತಲೆಯಲ್ಲಿ ಅಂಗಳಕ್ಕೆ ಇಳಿಯದಿರಲಿ ಎಂಬುದೇ ಇದರ ಮೂಲವು.

ಇಂತಹ ಏರ್ಪಾಡಿಗೆ ಲೋಕದಲ್ಲಿ ಬಹಳವಾಗಿ ಉಪಯೋಗವಾಗುವ ತಂತ್ರಾಂಶಗಳಲ್ಲಿ ಹೋಮ್ ಅಸಿಸ್ಟೆಂಟ್ ಎಂಬುದು ಒಂದು. ಪೌಲಸ್ ಸ್ಕೌಟ್ಸೆನ್ ಎಂಬವರು ಇದನ್ನು 2013ರಲ್ಲಿ ಪೈಥಾನ್ ಎಂಬ ಗಣಕಭಾಷೆಯಲ್ಲಿ ಬರೆಯತೊಡಗಿದರು. ಇದರ ಮೂಲವು ಎಲ್ಲರಿಗೂ ತೆರೆದಿರುವುದರಿಂದ ಸಾವಿರಾರು ಜನರು ಇದಕ್ಕೆ ತಮ್ಮ ತಮ್ಮ ಕೈಲಾದ ಭಾಗಗಳನ್ನು ಸೇರಿಸಿದ್ದಾರೆ. 2024ರಿಂದ ಇದರ ಹೊಣೆಯನ್ನು ಓಪನ್ ಹೋಮ್ ಫೌಂಡೇಶನ್ ಎಂಬ ಸಂಸ್ಥೆಯು ವಹಿಸಿಕೊಂಡಿದೆ. ಅಂಗೈಯಗಲದ ಗಣಕಯಂತ್ರದಲ್ಲಿಯೂ ಇದು ನಡೆಯಬಲ್ಲದು. ಮನೆಯ ಒಳಗಿನ ವ್ಯವಹಾರವು ಮನೆಯ ಒಳಗೇ ಉಳಿಯುವುದೆಂಬುದು ಇದರ ಮುಖ್ಯವಾದ ಗುಣವು.

ಈ ತಂತ್ರಾಂಶವು ಯಾವ ಹೊತ್ತಿಗೆ ಏನನ್ನು ಮಾಡಬೇಕೆಂಬ ಕಟ್ಟಳೆಗಳನ್ನು ಯಾಮೆಲ್ ಎಂಬ ರೀತಿಯಲ್ಲಿ ಬರೆದ ಕಡತಗಳಲ್ಲಿ ಇಡಬಹುದು. ಸೂರ್ಯಾಸ್ತವಾದರೆ ಜಗಲಿಯ ದೀಪವನ್ನು ಹೊತ್ತಿಸು. ಪಂಪು ಇಪ್ಪತ್ತು ನಿಮಿಷ ನಡೆದರೆ ನಿಲ್ಲಿಸು. ಈ ಬಗೆಯ ವಾಕ್ಯಗಳೇ ಕಟ್ಟಳೆಗಳು. ಯಾಮೆಲಿನಲ್ಲಿ ಸಾಲಿನ ಆರಂಭಕ್ಕೆ ಬಿಡುವ ತೆರಪೇ ಅರ್ಥವನ್ನು ನಿರ್ಣಯಿಸುತ್ತದೆ. ಎರಡು ತೆರಪಿನ ಸ್ಥಾನದಲ್ಲಿ ಮೂರಾದರೆ ವಾಕ್ಯದ ಅನ್ವಯವೇ ಕೆಡಬಹುದು. ಪದಗಳ ನಡುವೆ ತೆರಪಿಲ್ಲದ ಓಲೆಗರಿಯನ್ನು ಓದುವ ಪಂಡಿತನು ಅರ್ಥಬಲದಿಂದ ಲಿಪಿಕಾರನ ದೋಷವನ್ನು ತಿದ್ದಿಕೊಳ್ಳುವನು, ಯಂತ್ರವು ತಿದ್ದಿಕೊಳ್ಳದು.

ಕಡತವನ್ನು ತಿದ್ದಿದ ಮಾತ್ರಕ್ಕೆ ಮನೆಯ ನಡವಳಿಕೆಯು ತಿದ್ದಿಕೊಳ್ಳುವುದಿಲ್ಲ. ಇದೆಂತೆಂದರೆ, ಮಂತ್ರವನ್ನು ಕಂಠಪಾಠ ಮಾಡಿದ ವೈದಿಕನು ಪುಸ್ತಕದಲ್ಲಿ ಯಾರೋ ತಿದ್ದಿದ ಅಕ್ಷರವನ್ನು ಅರಿಯದೆ ಮೊದಲಿನಂತೆಯೇ ಹೇಳುತ್ತಿರುವನಷ್ಟೆ. ಅವನು ಪುಸ್ತಕವನ್ನು ಮತ್ತೊಮ್ಮೆ ತೆರೆದು ಓದಿದ ಮೇಲೆಯೇ ತಿದ್ದುಪಡಿಯು ನಾಲಗೆಗೆ ಬರುವುದು. ಗಣಕಯಂತ್ರವು ಸಹ ಕಡತವನ್ನು ಆರಂಭದಲ್ಲಿ ಒಮ್ಮೆ ಓದಿ ತನ್ನ ಸ್ಮರಣೆಯಲ್ಲಿ ಇರಿಸಿಕೊಳ್ಳುತ್ತದೆ. ಮತ್ತೆ ಓದಿಸುವುದಕ್ಕೆ ಎರಡು ದಾರಿಗಳಿವೆ. ಒಂದು ರೀಸ್ಟಾರ್ಟ್, ಎಂದರೆ ಇಡೀ ತಂತ್ರಾಂಶವನ್ನು ನಿಲ್ಲಿಸಿ ಪುನಃ ಆರಂಭಿಸುವುದು; ಅಷ್ಟು ಹೊತ್ತು ಮನೆಯು ಯಜಮಾನನಿಲ್ಲದೆ ಇರುತ್ತದೆ. ಇನ್ನೊಂದು ರೀಲೋಡ್, ತಂತ್ರಾಂಶವು ನಡೆಯುತ್ತಿರುವಾಗಲೇ ಬೇಕಾದ ಕಡತವನ್ನು ಮಾತ್ರ ಪುನಃ ಓದಿಸುವುದು. ಇದನ್ನು ಪುನರ್ವಾಚನವೆಂದು ಕರೆಯಬಹುದು. ಇದು ಕ್ಷಣಮಾತ್ರದ ಕೆಲಸವು.

ಇಷ್ಟರವರೆಗಿನ ವ್ಯವಹಾರದಲ್ಲಿ ಕಡತವನ್ನು ತಿದ್ದುವವನೂ ಪುನರ್ವಾಚನದ ಗುಂಡಿಯನ್ನು ಒತ್ತುವವನೂ ಮನುಷ್ಯನೇ ಆಗಿದ್ದನು. ಈಚೆಗೆ ಆ ಸ್ಥಾನಕ್ಕೆ ಕೃತಕ ಬುದ್ಧಿಮತ್ತೆಯ ಏಜೆಂಟವು ಬಂದಿದೆ. ಮನುಷ್ಯನು ತನ್ನ ಮಾತಿನಲ್ಲಿ ಹೇಳಿದುದನ್ನು ತಿಳಿದುಕೊಂಡು, ತನಗೆ ಒಪ್ಪಿಸಿದ ಸಾಧನಗಳಲ್ಲಿ ತಕ್ಕುದನ್ನು ಆರಿಸಿ ಕೆಲಸವನ್ನು ನೆರವೇರಿಸುವ ತಂತ್ರಾಂಶಕ್ಕೆ ಈ ಹೆಸರು. ಇಂತಹ ಏಜೆಂಟಗಳಿಗೂ ಸಾಧನಗಳಿಗೂ ನಡುವೆ ಒಂದು ಸಾಮಾನ್ಯವಾದ ಮರ್ಯಾದೆಯನ್ನು ಏರ್ಪಡಿಸುವುದಕ್ಕಾಗಿ ಆಂತ್ರೊಪಿಕ್ ಎಂಬ ಸಂಸ್ಥೆಯು 2024ರ ನವೆಂಬರಿನಲ್ಲಿ ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್ ಎಂಬ ನಿಯಮಾವಳಿಯನ್ನು ಪ್ರಕಟಿಸಿತು. 2025ರ ಫೆಬ್ರವರಿಯ ಆವೃತ್ತಿಯಿಂದ ಹೋಮ್ ಅಸಿಸ್ಟೆಂಟಿನಲ್ಲಿಯೂ ಅದಕ್ಕೆ ಅವಕಾಶವು ದೊರೆಯಿತು. ಈ ನಿಯಮಾವಳಿಯ ಮೇರೆಗೆ ಪ್ರತಿಯೊಂದು ಸಾಧನಕ್ಕೂ ಒಂದು ಹೆಸರು, ಅದಕ್ಕೆ ಕೊಡಬೇಕಾದ ವಿವರಗಳ ಪಟ್ಟಿ ಇರತಕ್ಕದ್ದು; ಅದು ಏನನ್ನು ಮಾಡುವುದೆಂಬ ಒಂದು ಒಕ್ಕಣೆಯೂ ಸಾಮಾನ್ಯವಾಗಿ ಇರುವುದು. ಏಜೆಂಟವು ಬಾವಿಯನ್ನು ಕಂಡಿಲ್ಲ, ಪಂಪಿನ ಸದ್ದನ್ನು ಕೇಳಿಲ್ಲ. ಆ ಸಾಧನದ ವಿಷಯದಲ್ಲಿ ಆ ಒಕ್ಕಣೆಯೇ ಅದಕ್ಕೆ ಪ್ರಧಾನವಾದ ಪ್ರಮಾಣವು.

ಬ್ರಹ್ಮಾವರದ ಕಡೆಯ ಒಂದು ಹಳ್ಳಿಯ ಮನೆಯಲ್ಲಿ ನಡೆದುದನ್ನು ಇಲ್ಲಿ ಹೇಳಬೇಕಾಗಿದೆ. ಆ ಮನೆಯಲ್ಲಿ ಎಪ್ಪತ್ತು ದಾಟಿದ ತಾಯಿಯೊಬ್ಬರೇ ವಾಸ. ಮಗನು ಬೆಂಗಳೂರಿನಲ್ಲಿ ಉದ್ಯೋಗಸ್ಥನು. ಪಂಪು ಇಪ್ಪತ್ತು ನಿಮಿಷ ನಡೆದರೆ ತಾನೇ ನಿಲ್ಲತಕ್ಕದ್ದೆಂಬ ಕಟ್ಟಳೆಯನ್ನು ಅವನು ಬರೆದಿದ್ದನು. ಪುನರ್ವಾಚನದ ಸಾಧನವೊಂದನ್ನು ತಾನೇ ರಚಿಸಿ ಏಜೆಂಟದ ಕೈಗೆ ಕೊಟ್ಟಿದ್ದನು. ಅದರ ಒಕ್ಕಣೆಯು ಒಂದೇ ಸಾಲು: ಮನೆಯ ಕಟ್ಟಳೆಗಳನ್ನು ರೀಸ್ಟಾರ್ಟ್ ಇಲ್ಲದೆ ಪುನಃ ಓದಿಸುತ್ತದೆ. ಏಪ್ರಿಲ್ ತಿಂಗಳ ಕೊನೆಗೆ ಮುರಕಲ್ಲಿನ ಬಾವಿಯಲ್ಲಿ ನೀರು ತಳಕ್ಕೆ ಇಳಿಯತೊಡಗಿತು. ಇಪ್ಪತ್ತು ನಿಮಿಷವು ಹೆಚ್ಚಾಯಿತೆಂದು ತಾಯಿಯು ಫೋನಿನಲ್ಲಿ ಹೇಳಲು, ಮಗನು ಅದನ್ನು ಹದಿನೈದಕ್ಕೆ ಇಳಿಸೆಂದು ಏಜೆಂಟಕ್ಕೆ ತಿಳಿಸಿದನು. ಅದು ಕಡತದಲ್ಲಿ ಇಪ್ಪತ್ತನ್ನು ಅಳಿಸಿ ಹದಿನೈದೆಂದು ಬರೆಯಿತು, ಪುನರ್ವಾಚನವನ್ನು ನಡೆಯಿಸಿತು, ಕಾರ್ಯವು ಸಫಲವಾಯಿತೆಂದು ಉತ್ತರಕೊಟ್ಟಿತು. ಆ ಹೊತ್ತಿಗೆ ಪಂಪು ನಡೆಯುತ್ತಿದ್ದಿತು. ಅದು ಹದಿನೈದು ನಿಮಿಷಕ್ಕೂ ನಿಲ್ಲಲಿಲ್ಲ, ಇಪ್ಪತ್ತಕ್ಕೂ ನಿಲ್ಲಲಿಲ್ಲ. ಮುಕ್ಕಾಲು ಗಂಟೆಯ ಮೇಲೆ ಸದ್ದು ಬದಲಾದುದನ್ನು ಅಡಿಗೆಮನೆಯಲ್ಲಿ ಕೇಳಿದ ತಾಯಿಯು ಹೋಗಿ ಮೈನ್ ಸ್ವಿಚ್ಚನ್ನು ಆರಿಸುವಷ್ಟರಲ್ಲಿ ಮೋಟಾರು ಸುಟ್ಟಿತ್ತು. ಅದನ್ನು ಬಿಚ್ಚಿ ಪೇಟೆಗೆ ಒಯ್ದು ತಂತಿ ಸುತ್ತಿಸಿ ತರುವವರೆಗೆ ನಾಲ್ಕು ದಿನ ಆ ವೃದ್ಧೆಯು ರಾಟೆಗೆ ಹಗ್ಗ ಹಾಕಿ ಕೊಡಪಾನದಿಂದ ನೀರು ಸೇದಿದರು; ಎಡದ ತೋಳು ಬಹು ದಿನ ಮೇಲಕ್ಕೆ ಏಳಲಿಲ್ಲ.

ಮಗನು ಓಡಿ ಬಂದು ಕಾರಣವನ್ನು ಹುಡುಕಿದನು. ಕಡತದಲ್ಲಿ ದೋಷವಿರಲಿಲ್ಲ, ಏಜೆಂಟವು ಹೇಳಿದುದನ್ನೇ ಮಾಡಿತ್ತು, ಸಾಧನವು ಸುಳ್ಳು ಹೇಳಿರಲಿಲ್ಲ. ಇಂತಿರಲು ಕೆಟ್ಟುದು ಹೇಗೆ? ಪಂಪು ಇಷ್ಟು ಹೊತ್ತು ನಡೆದರೆ ಎಂಬ ಕಟ್ಟಳೆಯು ಪಂಪು ಹೊರಟ ಕ್ಷಣದಿಂದ ಎಣಿಕೆಯನ್ನು ತೊಡಗುತ್ತದೆ. ಪುನರ್ವಾಚನದಿಂದ ಆ ಎಣಿಕೆಯು ಅಳಿದುಹೋಗುತ್ತದೆ. ಹೊಸದಾಗಿ ಓದಿದ ಕಟ್ಟಳೆಯು ಪಂಪು ಹೊರಡುವುದನ್ನು ಕಾದು ಕುಳಿತಿರುತ್ತದೆ. ಪಂಪಾದರೋ ಆಗಲೇ ಹೊರಟಾಗಿದೆ. ಬಾಗಿಲಲ್ಲಿ ನಿಂತು ಒಳಹೋಗುವವರನ್ನು ಎಣಿಸುವ ಕಾವಲುಗಾರನನ್ನು ನಡುವೆ ಬದಲಾಯಿಸಿದರೆ, ಹೊಸಬನು ತಾನು ಬಂದ ಬಳಿಕ ಒಳಹೊಕ್ಕವರನ್ನು ಮಾತ್ರ ಬಲ್ಲನು. ಮೊದಲೇ ಒಳಗಿದ್ದವನು ಅವನ ಲೆಕ್ಕಕ್ಕೆ ಬಾರನು. ಇಂತಹ ಎಣಿಕೆಯು ಪುನರ್ವಾಚನದಲ್ಲಿಯೂ ರೀಸ್ಟಾರ್ಟಿನಲ್ಲಿಯೂ ಉಳಿಯದೆಂದು ಹೋಮ್ ಅಸಿಸ್ಟೆಂಟಿನ ವಿವರಣಗ್ರಂಥದಲ್ಲಿ ಸ್ಪಷ್ಟವಾಗಿ ಬರೆದಿದೆ. ಆದರೆ ಆ ಎಚ್ಚರಿಕೆಯು ಸಾಧನದ ಒಕ್ಕಣೆಗೆ ಇಳಿದು ಬಂದಿರಲಿಲ್ಲ. ಇದನ್ನೆಲ್ಲ ಮಗನು ಬಿಡಿಸಿ ಹೇಳಲು, ತಾಯಿಯು, “ಅದ್ಕೆ ನಿಲ್ಸುಕೆ ಯಾರೂ ಹೇಳ್ಕೊಡ್ಲಿಲ್ಯಾ ಮಾಣಿ?” ಎಂದು ಕೇಳಿದರು. ಈ ಪ್ರಶ್ನೆಗೆ ಮೀರಿದ ವಿಮರ್ಶೆಯು ಆ ಒಕ್ಕಣೆಗೆ ಬೇರೊಂದಿಲ್ಲ.

ಯಂತ್ರಕ್ಕೆ ಒಕ್ಕಣೆಯನ್ನು ಬರೆಯುವ ವಿದ್ಯೆಯು ಹೊಸದೆಂದು ತೋರಬಹುದು. ಅದರ ಮೂಲಸೂತ್ರಗಳಾದರೋ ಹಳೆಯವು. ಪಾಠಶಾಲೆಗಳಲ್ಲಿ ಯಾವ ಶಾಸ್ತ್ರವನ್ನು ಆರಂಭಿಸುವಾಗಲೂ ಮೊದಲು ಅನುಬಂಧಚತುಷ್ಟಯವನ್ನು ಹೇಳುವುದು ಸಂಪ್ರದಾಯ. ಈ ಗ್ರಂಥಕ್ಕೆ ಅಧಿಕಾರಿಯು ಯಾರು, ಇದರ ವಿಷಯವೇನು, ಪ್ರಯೋಜನವೇನು, ಇವುಗಳ ಪರಸ್ಪರ ಸಂಬಂಧವೇನು ಎಂಬ ನಾಲ್ಕನ್ನು ಅರಿಯದೆ ವಿವೇಕಿಯು ಗ್ರಂಥದಲ್ಲಿ ಪ್ರವೃತ್ತನಾಗನೆಂದು ಹಿರಿಯರ ಮತ. ಅಂದಿನ ವಿದ್ಯಾರ್ಥಿಗಳಿಗೆ ಇದು ಒಣ ಕಟ್ಟುಪಾಡಾಗಿ ತೋರಿದ್ದುಂಟು. ಆ ಮನೆಯ ಪಂಪಿನ ದೃಷ್ಟಾಂತವನ್ನು ಮುಂದಿಟ್ಟುಕೊಂಡು ನೋಡಿದರೆ, ಎದುರಿಗಿಲ್ಲದ ಓದುಗನಿಗೆ ಬರೆಯುವವನು ಕಡಮೆಯೆಂದರೆ ಎಷ್ಟನ್ನು ಹೇಳಲೇಬೇಕೆಂಬುದರ ಅಳತೆಯೇ ಈ ನಾಲ್ಕರಲ್ಲಿ ಇದೆಯೆಂದು ತಿಳಿಯುವುದು.

ಮೊದಲನೆಯದು ಅಧಿಕಾರಿಯು. ಕಡತವನ್ನು ತಿದ್ದಿ, ತಿದ್ದಿದುದನ್ನು ಪರೀಕ್ಷಿಸಿಕೊಂಡ ಏಜೆಂಟಕ್ಕೆ ಮಾತ್ರ ಪುನರ್ವಾಚನದಲ್ಲಿ ಅಧಿಕಾರವು. ದೀಪವು ಹತ್ತಲಿಲ್ಲವೆಂದೋ, ಸಾಧನವೊಂದು ಉತ್ತರ ಕೊಡಲಿಲ್ಲವೆಂದೋ ಪುನರ್ವಾಚನವನ್ನು ಸರ್ವರೋಗಕ್ಕೂ ಮದ್ದೆಂದು ಪ್ರಯೋಗಿಸಲಾಗದು. ಕೆಟ್ಟ ದೀಪವನ್ನು ಅದು ಸರಿಪಡಿಸದು. ಹೋಮ್ ಅಸಿಸ್ಟೆಂಟಿನ ತೆರೆಯ ಮೇಲೆಯೇ ಒಂದು ಕಟ್ಟಳೆಯನ್ನು ತಿದ್ದಿ ಉಳಿಸಿದರೆ ಅದು ತಾನಾಗಿಯೇ ಜಾರಿಗೆ ಬರುವುದರಿಂದ ಅಲ್ಲಿಯೂ ಇದರ ಅಗತ್ಯವಿಲ್ಲ. ಯಾವ ಸಾಧನವನ್ನು ಯಾವಾಗ ಬಳಸಬಾರದೆಂದು ಹೇಳದ ಒಕ್ಕಣೆಯು ನಿಷೇಧವಿಲ್ಲದ ಧರ್ಮಶಾಸ್ತ್ರದಂತೆ ಅರ್ಧವಾಗಿ ಉಳಿಯುವುದು.

ಎರಡನೆಯದು ವಿಷಯವು. ಕಟ್ಟಳೆಗಳು, ಕ್ರಮಾವಳಿಗಳು, ದೃಶ್ಯಗಳು, ಗುಂಪುಗಳು ಮೊದಲಾದ ಬೇರೆ ಬೇರೆ ಭಾಗಗಳನ್ನು ಬೇರೆ ಬೇರೆಯಾಗಿ ಪುನಃ ಓದಿಸಲು ಬರುತ್ತದೆ. ಎಲ್ಲವನ್ನೂ ಒಟ್ಟಿಗೆ ಓದಿಸುವ ಆಜ್ಞೆಯೂ ಇದೆ. ಹೊಸ ಜಾತಿಯ ಉಪಕರಣವನ್ನು ಕಡತದ ಮೂಲಕ ಮೊದಲ ಬಾರಿಗೆ ಸೇರಿಸಿದಾಗಲಾದರೋ ಸಾಮಾನ್ಯವಾಗಿ ರೀಸ್ಟಾರ್ಟೇ ಬೇಕು. ಇಲ್ಲಿ ಹೆಸರಿನಿಂದ ಆಗುವ ಒಂದು ಭ್ರಾಂತಿಯನ್ನು ಗಮನಿಸತಕ್ಕದ್ದು. ಈ ಆಜ್ಞೆಗಳಲ್ಲಿ ಕೋರ್ ಎಂಬ ಹೆಸರಿನದೊಂದಿದೆ. ಕೋರ್ ಎಂದರೆ ತಿರುಳು. ತಿರುಳನ್ನು ಓದಿಸಿದರೆ ಸಮಸ್ತವನ್ನೂ ಓದಿಸಿದಂತಾಯಿತೆಂದು ಏಜೆಂಟವೂ ಮನುಷ್ಯನೂ ತಿಳಿಯುವುದು ಸಹಜ. ವಸ್ತುತಃ ಅದು ಓದಿಸುವುದು ಮನೆಯ ಹೆಸರು, ಅಕ್ಷಾಂಶ, ರೇಖಾಂಶ, ಸಮುದ್ರಮಟ್ಟದಿಂದ ಎತ್ತರ, ಕಾಲವಲಯ, ಅಳತೆಯ ಮಾನ ಇತ್ಯಾದಿ ಮೂಲವಿವರಗಳನ್ನು ಮಾತ್ರ. ಪಂಪಿನ ಕಟ್ಟಳೆಯು ಅದರಲ್ಲಿ ಸೇರದು.

ಹಾಗೆಂದು ಆ ಮೂಲವಿವರಗಳು ಅಲ್ಪವಾದವುಗಳಲ್ಲ. ಪಂಚಾಂಗವನ್ನು ಬಲ್ಲ ಮನೆತನಗಳಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಭಾರತದ ಗಡಿಯಾರವು 82½ ಅಂಶದ ಪೂರ್ವ ರೇಖಾಂಶಕ್ಕೆ ಹೊಂದಿದೆ. ಕುಂದಾಪುರವು ಸುಮಾರು 74.7 ಅಂಶದಲ್ಲಿದೆ. ಒಂದು ಅಂಶಕ್ಕೆ ನಾಲ್ಕು ನಿಮಿಷಗಳಂತೆ ಎಣಿಸಿದರೆ ಇಲ್ಲಿಯ ಸೂರ್ಯನು ಗಡಿಯಾರಕ್ಕಿಂತ ಸುಮಾರು 31 ನಿಮಿಷ ಹಿಂದೆ ಇರುವನು. ಸೂರ್ಯಾಸ್ತಕ್ಕೆ ದೀಪವನ್ನು ಹೊತ್ತಿಸೆಂಬ ಕಟ್ಟಳೆಯು ಈ ಲೆಕ್ಕವನ್ನು ಕಡತದಲ್ಲಿ ಬರೆದ ಅಕ್ಷಾಂಶ ರೇಖಾಂಶಗಳಿಂದಲೇ ಮಾಡಿಕೊಳ್ಳುತ್ತದೆ. ಬೇರೊಂದು ದೇಶದ ಮನೆಯ ಕಡತವನ್ನು ಹಾಗೆಯೇ ಪ್ರತಿಮಾಡಿಕೊಂಡವನ ಮನೆಯಲ್ಲಿ ದೀಪವು ನಡುಹಗಲಿಗೋ ನಡುರಾತ್ರಿಗೋ ಹೊತ್ತಿಕೊಳ್ಳಬಹುದು. ಯಾವ ಆಜ್ಞೆಯು ಮನೆಯ ಯಾವ ಭಾಗವನ್ನು ಮುಟ್ಟುವುದೆಂದು ಒಕ್ಕಣೆಯು ಹೆಸರಿಸಿ ಹೇಳಬೇಕಾದುದು ಇದಕ್ಕಾಗಿಯೇ.

ಮೂರನೆಯದಾದ ಪ್ರಯೋಜನವು ಸುಲಭವಾಗಿದೆ: ಮನೆಯು ನಿಲ್ಲದೆ ನಡೆಯುತ್ತಿರುವಾಗಲೇ ತಿದ್ದುಪಡಿಯು ಜಾರಿಗೆ ಬರುವುದು. ನಾಲ್ಕನೆಯದಾದ ಸಂಬಂಧದಲ್ಲಿ ಸೂಕ್ಷ್ಮವಿದೆ. ಸಫಲವಾಯಿತೆಂದು ಸಾಧನವು ಹೇಳಿದರೆ ಕಡತವನ್ನು ಓದಿಯಾಯಿತೆಂಬಿಷ್ಟೇ ಅದರ ಅರ್ಥವು. ಮನೆಯು ಯಜಮಾನನ ಇಷ್ಟದಂತೆ ನಡೆಯುತ್ತಿದೆಯೆಂದು ಅದರಿಂದ ಸಿದ್ಧವಾಗದು. ಔಷಧವನ್ನು ನುಂಗಿದುದಕ್ಕೂ ಜ್ವರವು ಬಿಟ್ಟುದಕ್ಕೂ ಇರುವ ಅಂತರವೇ ಇಲ್ಲಿಯೂ ಇದೆ. ಓದಿಸಿದ ಮೇಲೆ ಪಂಪಿನ ಸ್ಥಿತಿಯನ್ನು ಬೇರೊಂದು ಸಾಧನದಿಂದ ನೋಡಿ ತಿಳಿಯತಕ್ಕದ್ದೆಂದು ಹೇಳುವುದೂ ಒಕ್ಕಣೆಯ ಕರ್ತವ್ಯವು.

ಇನ್ನು ಮೀಮಾಂಸಕರ ಒಂದು ವಿಭಾಗವು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಯಾವ ವಿಧಿಯನ್ನು ಕೇಳಿದರೂ ಏನನ್ನು ಸಾಧಿಸಬೇಕು, ಯಾವುದರಿಂದ ಸಾಧಿಸಬೇಕು, ಹೇಗೆ ಸಾಧಿಸಬೇಕು ಎಂಬ ಮೂರು ಆಕಾಂಕ್ಷೆಗಳು ಏಳುವುವೆಂದು ಅವರು ಹೇಳುವರು. ಮೂರನೆಯದಕ್ಕೆ ಇತಿಕರ್ತವ್ಯತೆಯೆಂದು ಹೆಸರು. ಸಾಧನಗಳ ಒಕ್ಕಣೆಗಳಲ್ಲಿ ಮೊದಲಿನ ಎರಡು ಸಾಮಾನ್ಯವಾಗಿ ಇರುತ್ತವೆ, ಮೂರನೆಯದು ಮರೆತುಹೋಗುತ್ತದೆ. ಪುನರ್ವಾಚನದ ಇತಿಕರ್ತವ್ಯತೆಯು ಹೀಗಿರಬಹುದು: ಮೊದಲು ಹಳೆಯ ಕಡತದ ಒಂದು ಪ್ರತಿಯನ್ನು ತೆಗೆದಿಡುವುದು, ತಿದ್ದಿದ ಮೇಲೆ ಕಡತವನ್ನು ಪರೀಕ್ಷಿಸುವ ಆಜ್ಞೆಯನ್ನು ನಡೆಯಿಸುವುದು, ಆಗ ಮನೆಯಲ್ಲಿ ಎಣಿಕೆಯ ಮೇಲೆ ನಡೆಯುತ್ತಿರುವ ಉಪಕರಣಗಳು ಯಾವುವೆಂದು ನೋಡುವುದು, ಇದ್ದರೆ ಕಾಯುವುದು, ಬಳಿಕ ತಿದ್ದಿದ ಭಾಗವನ್ನು ಮಾತ್ರ ಓದಿಸುವುದು, ಓದಿಸಿದ ಮೇಲೆ ಸ್ಥಿತಿಯನ್ನು ನೋಡುವುದು, ಕೊನೆಗೆ ಮನೆಯಲ್ಲಿ ಇರುವವರಿಗೆ ತಿಳಿಸುವುದು.

ಇವುಗಳಲ್ಲಿ ಪರೀಕ್ಷೆಯ ಮಹತ್ವವು ಈ ಕರಾವಳಿಯಲ್ಲಿ ಮಳೆಗಾಲಕ್ಕೆ ಗೊತ್ತಾಗುತ್ತದೆ. ಮುಖ್ಯ ಕಡತದಲ್ಲಿ ದೋಷವಿದ್ದರೆ ಎಲ್ಲವನ್ನೂ ಒಟ್ಟಿಗೆ ಓದಿಸುವ ಆಜ್ಞೆಯು ನಿರಾಕರಿಸುತ್ತದೆ. ಹಳೆಯ ಕಟ್ಟಳೆಗಳು ಸ್ಮರಣೆಯಲ್ಲಿ ಉಳಿದು ಮನೆಯು ಮೊದಲಿನಂತೆಯೇ ನಡೆಯುತ್ತದೆ. ಆಗಲಿ, ನಾಳೆ ನೋಡೋಣವೆಂದು ಕೆಟ್ಟ ಕಡತವನ್ನು ಹಾಗೆಯೇ ಬಿಟ್ಟವನಿಗೆ ಆ ದಿನ ಯಾವ ತೊಂದರೆಯೂ ಕಾಣದು. ವಾರಾಹಿಯ ನೀರಿನಿಂದ ಹೊಸಂಗಡಿಯ ಭೂಗರ್ಭದ ವಿದ್ಯುದಾಗಾರವು 1989ರಿಂದ ವಿದ್ಯುಚ್ಛಕ್ತಿಯನ್ನು ಉತ್ಪಾದಿಸುತ್ತಿದ್ದರೂ, ಆಷಾಢದ ಗಾಳಿಗೆ ಮರವು ತಂತಿಯ ಮೇಲೆ ಉರುಳಿದ ರಾತ್ರಿ ಅದೇ ತಾಲೂಕಿನ ಮನೆಯೂ ಕತ್ತಲೆಯಲ್ಲಿಯೇ ಇರುವುದು. ವಿದ್ಯುತ್ತು ಮರಳಿದಾಗ ಗಣಕಯಂತ್ರವು ಎಲ್ಲವನ್ನೂ ಮೊದಲಿನಿಂದ ಓದತೊಡಗಿ ಆ ಕೆಟ್ಟ ಕಡತವನ್ನು ಎಡವುವುದು. ಆಗ ಹೋಮ್ ಅಸಿಸ್ಟೆಂಟ್ ದುರಸ್ತಿಗೆಂದು ಇಟ್ಟ ಮಿತವಾದ ಅವಸ್ಥೆಯಲ್ಲಿ ಮಾತ್ರ ಏಳುವುದು. ಕಟ್ಟಳೆಗಳು ನಡೆಯವು, ಜಗಲಿಯ ದೀಪವು ಹೊತ್ತದು. ತಿಂಗಳ ಹಿಂದೆ ಮಾಡಿದ ದೋಷವು ಸುರಿಯುವ ಮಳೆಯ ನಡುರಾತ್ರಿ, ಮಗನು ನಾನೂರು ಕಿಲೋಮೀಟರುಗಳಾಚೆ ನಿದ್ರಿಸುತ್ತಿರುವಾಗ ಫಲವನ್ನು ಕೊಡುವುದು. ಪರೀಕ್ಷೆಯು ತಪ್ಪೆಂದು ಹೇಳಿದರೆ ಹಳೆಯ ಪ್ರತಿಯನ್ನು ಒಡನೆಯೇ ಸ್ವಸ್ಥಾನಕ್ಕೆ ಮರಳಿಸಬೇಕೆಂದು ಒಕ್ಕಣೆಯಲ್ಲಿ ಒಂದು ಸಾಲಿದ್ದರೆ ಈ ಅನರ್ಥವು ತಪ್ಪುವುದು.

ಒಕ್ಕಣೆಯಲ್ಲಿ ಅರ್ಥವಾದಕ್ಕೆ ಸ್ಥಾನವಿಲ್ಲವೆಂಬುದನ್ನೂ ಹೇಳತಕ್ಕದ್ದು. ಸ್ತುತಿರೂಪವಾದ ವಾಕ್ಯವನ್ನು ವಿಧಿಯಿಂದ ಬೇರ್ಪಡಿಸಿ ತಿಳಿಯುವುದಕ್ಕೆ ಮೀಮಾಂಸಕರು ಬಹಳ ಶ್ರಮಪಟ್ಟರು. ಅತ್ಯಂತ ಶಕ್ತವಾದ, ಅತ್ಯಂತ ಸುರಕ್ಷಿತವಾದ ಸಾಧನವೆಂದು ಒಕ್ಕಣೆಯಲ್ಲಿ ಬರೆದರೆ ಮನುಷ್ಯನು ಅದನ್ನು ಅಂಗಡಿಯ ಮಾತೆಂದು ದಾಟಿ ಹೋಗುವನು. ಏಜೆಂಟವು ಅದನ್ನು ಸಾಧನವನ್ನು ಆರಿಸುವುದಕ್ಕೆ ಕಾರಣವೆಂದು ಗ್ರಹಿಸಬಹುದು. ಹತ್ತು ಸಾಧನಗಳಲ್ಲಿ ತನ್ನನ್ನು ತಾನೇ ಹೊಗಳಿಕೊಂಡುದು ಅನವಶ್ಯವಾಗಿ ಕೈಗೆ ಬರುವುದು.

ಮೇಲೆ ಹೇಳಿದ ನಿಯಮಾವಳಿಯಲ್ಲಿ ಸಾಧನಕ್ಕೆ ಕೆಲವು ಸೂಚನೆಗಳನ್ನು ಅಂಟಿಸುವುದಕ್ಕೂ ಅವಕಾಶವಿದೆ. ಇದು ಕೇವಲ ನೋಡುವ ಸಾಧನವೋ, ಇದರಿಂದ ಹಾನಿಯಾಗಬಹುದೋ, ಪುನಃ ಪುನಃ ಮಾಡಿದರೂ ಫಲವು ಒಂದೆಯೋ, ಹೊರಲೋಕದೊಡನೆ ಇದಕ್ಕೆ ವ್ಯವಹಾರವಿದೆಯೋ ಎಂಬುವೇ ಆ ಸೂಚನೆಗಳು. ಪುನರ್ವಾಚನವನ್ನು ಎಷ್ಟು ಸಲ ಮಾಡಿದರೂ ಫಲವು ಒಂದೇ ಎಂದು ಮೇಲುನೋಟಕ್ಕೆ ತೋರುವುದು. ಒಂದೇ ಕಡತವನ್ನು ನೂರು ಸಲ ಓದಿದರೂ ಅಕ್ಷರವು ಬದಲಾಗದಷ್ಟೆ. ಆದರೆ ಓದುವುದಕ್ಕೂ ಮುಂಚಿನ ಎಣಿಕೆಯು ಅಳಿಯಬಹುದಾದುದರಿಂದ ಈ ಸೂಚನೆಯನ್ನು ಹಾಕುವ ಮೊದಲು ಎರಡು ಬಾರಿ ಯೋಚಿಸಬೇಕು. ಇವು ಸೂಚನೆಗಳು ಮಾತ್ರವೆಂದೂ ನಂಬಿಕೆಯಿಲ್ಲದ ಮೂಲದಿಂದ ಬಂದವುಗಳನ್ನು ಪ್ರಮಾಣವೆಂದು ಹಿಡಿಯಬಾರದೆಂದೂ ಆ ನಿಯಮಾವಳಿಯೇ ಎಚ್ಚರಿಸುತ್ತದೆ. ಒಕ್ಕಣೆಯು ದಾರಿಯನ್ನು ತೋರಿಸುವ ಕೈಮರವು. ಬಾಗಿಲಿಗೆ ಹಾಕಿದ ಅಗುಳಿಯ ಕೆಲಸವು ಅದರಿಂದಾಗದು.

ಅಗುಳಿಯನ್ನು ಬೇರೆಯಾಗಿಯೇ ಹಾಕಬೇಕು. ಆ ಮನೆಯ ಮಗನು ಎರಡು ಕೆಲಸಗಳನ್ನು ಮಾಡಿದನು. ಪುನರ್ವಾಚನವು ಮುಗಿದಾಗಲೂ ತಂತ್ರಾಂಶವು ಆರಂಭವಾದಾಗಲೂ ಪಂಪು ನಡೆಯುತ್ತಿದ್ದರೆ ಅದನ್ನು ನಿಲ್ಲಿಸತಕ್ಕದ್ದೆಂದು ಇನ್ನೊಂದು ಕಟ್ಟಳೆಯನ್ನು ಬರೆದನು. ಪುನರ್ವಾಚನವಾದಾಗ ಹೋಮ್ ಅಸಿಸ್ಟೆಂಟ್ ತಾನೇ ಒಂದು ಸಂಕೇತವನ್ನು ಹೊರಡಿಸುವುದರಿಂದ ಇದು ಸಾಧ್ಯವಾಯಿತು. ಎರಡನೆಯದಾಗಿ, ಬಾವಿಯಲ್ಲಿ ನೀರು ತೀರಿದರೆ ಗಣಕಯಂತ್ರದ ಅಪ್ಪಣೆಗಾಗಿ ಕಾಯದೆ ಮೋಟಾರನ್ನು ತಾನೇ ನಿಲ್ಲಿಸುವ ಪೆಟ್ಟಿಗೆಯೊಂದನ್ನು ಪಂಪಿನ ಬಳಿ ಹಾಕಿಸಿದನು. ಇಷ್ಟಾದ ಮೇಲೆಯೂ ಒಕ್ಕಣೆಯನ್ನು ಹೊಸದಾಗಿ ಬರೆಯುವುದನ್ನು ಅವನು ಬಿಡಲಿಲ್ಲ. ಅಗುಳಿಯಿದೆಯೆಂದು ಕೈಮರವನ್ನು ತಪ್ಪು ದಿಕ್ಕಿಗೆ ನಿಲ್ಲಿಸುವುದು ಯುಕ್ತವೆನಿಸದು.

ಈ ಹೊಸ ಒಕ್ಕಣೆಯ ಒಂದು ಪ್ರತಿಯನ್ನು ಅವನು ಕನ್ನಡದಲ್ಲಿ ಬರೆದನೆಂಬುದು ವಿಶೇಷವಾಗಿ ಗಮನಿಸಬೇಕಾದ ಸಂಗತಿ. ಏಜೆಂಟಗಳು ಕನ್ನಡವನ್ನೂ ಓದಬಲ್ಲವು. ಕಟ್ಟಳೆಗಳಿಗೆ ಕನ್ನಡದ ಹೆಸರುಗಳನ್ನು ಇಡುವುದಕ್ಕೂ ಹೋಮ್ ಅಸಿಸ್ಟೆಂಟಿನಲ್ಲಿ ಅಡ್ಡಿಯಿಲ್ಲ. ಬಾವಿಯ ಪಂಪು, ಜಗಲಿಯ ದೀಪ, ಕೊಟ್ಟಿಗೆಯ ಬಾಗಿಲು ಎಂದು ಹೆಸರಿದ್ದಾಗ ಮನೆಯವರೂ ಕಡತವನ್ನು ನೋಡಿ ಪ್ರಶ್ನಿಸಬಹುದು. ಈಗಿನ ಬ್ರಹ್ಮಾವರ ತಾಲೂಕಿಗೆ ಸೇರಿದ ಕೋಟದಲ್ಲಿ 1902ರಲ್ಲಿ ಜನಿಸಿದ ಶಿವರಾಮ ಕಾರಂತರು ಲೋಕದ ವಿಜ್ಞಾನವನ್ನು ಮನೆಯ ಮಕ್ಕಳಿಗೆ ಕನ್ನಡದಲ್ಲಿಯೇ ತಿಳಿಸಬೇಕೆಂದು ಹಟ ಹಿಡಿದು ಬಾಲಪ್ರಪಂಚದ ಸಂಪುಟಗಳನ್ನು ರಚಿಸಿದರು. ವಿಷಯವು ಎಷ್ಟು ಹೊಸದಾದರೂ ಮನೆಯ ಭಾಷೆಗೆ ಅದು ನಿಲುಕದ ಹಣ್ಣಲ್ಲವೆಂದು ಆ ಕೃತಿಯು ತೋರಿಸಿಕೊಟ್ಟಿತು. ಮನೆಯನ್ನು ನಡೆಯಿಸುವ ಯಂತ್ರವು ಏನನ್ನು ಮಾಡುವುದೆಂದು ಆ ಮನೆಯಲ್ಲಿ ಮಲಗಿ ಏಳುವವರಿಗೆ ತಿಳಿಯದೆ ಹೋದರೆ ಅವರು ತಮ್ಮ ಮನೆಯಲ್ಲಿಯೇ ಅತಿಥಿಗಳಾಗುವರು.

ಮಗನು ಬರೆದುದನ್ನು ತಾಯಿಯು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಅಧಿಕಾರಿ, ವಿಷಯ, ಕ್ರಮ ಎಲ್ಲವೂ ಅದರಲ್ಲಿದ್ದವು. ಎಣಿಕೆಯು ಅಳಿಯುವುದೆಂಬ ಎಚ್ಚರಿಕೆಯು ಮೊದಲ ಸಾಲಿಗೇ ಬಂದಿತ್ತು. ಒಂದು ಮಾತು ಉಳಿದಿದೆಯೆಂದು ಅವರು ಹೇಳಲು ಅವನು ಅದನ್ನೂ ಬರೆದುಕೊಂಡನು. ಇರುಳು ಒಂಬತ್ತರ ಮೇಲೆ ಏನನ್ನೂ ಬದಲಿಸಬಾರದು; ಏನಾದರೂ ಕೆಟ್ಟರೆ ಎದ್ದು ನೋಡಬೇಕಾದವರಿಗೆ ಕತ್ತಲೆಯಲ್ಲಿ ಮೆಟ್ಟಲು ಕಾಣದು. ಏಜೆಂಟಗಳಿಗಾಗಿ ಬರೆದ ಆ ಒಕ್ಕಣೆಯ ಕೊನೆಯ ಸಾಲು ಈಗಲೂ ಅದೇ ಆಗಿದೆ.